ನೆಲದಡಿಯ ತೇವ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ಕೆಳಗಿನಿಂದ ಬರುವ ತೇವದ ಬಗ್ಗೆ. ಅಮೆರಿಕದಲ್ಲಿರುವ ಓದುಗರು ಕ್ರಾಲ್ ಸ್ಪೇಸ್ ಬಗ್ಗೆ ಕೇಳಿದ್ದಾರೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಲ್ಲಿನ ಎಷ್ಟೋ ಮರದ ಮನೆಗಳಲ್ಲಿ ನೆಲಕ್ಕೂ ಭೂಮಿಗೂ ನಡುವೆ ಎರಡು ಮೂರು ಅಡಿ ಟೊಳ್ಳು ಬಿಟ್ಟಿರುತ್ತಾರೆ. ತೆವಳಿಕೊಂಡೇ ಒಳಹೋಗಬೇಕಾದ ಜಾಗ, ಅದಕ್ಕೇ ಆ ಹೆಸರು. ಪೈಪು, ವೈರು, ಎಸಿಯ ಗಾಳಿಕೊಳವೆಗಳು ಅಲ್ಲೇ ಹಾದುಹೋಗುತ್ತವೆ. ನಮ್ಮ ಕಡೆ ಆ ಟೊಳ್ಳನ್ನು ಮಣ್ಣು ತುಂಬಿಸಿ ಮುಚ್ಚುತ್ತೇವೆ. ಹಾಗಾಗಿ ಅಲ್ಲಿ ಆವಿಯ ಕಾಟ, ಇಲ್ಲಿ ಗೋಡೆ ನೀರು ಕುಡಿಯುವ ಕಾಟ. ಎರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ನೀರು ಎಲ್ಲಿಂದ ಬರುತ್ತಿದೆ?

ಪ್ರಶ್ನೆ: ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ ಎರಡು ವರ್ಷದ ಹಿಂದೆ ಹಳೆಯ ಮನೆ ಕೊಂಡೆವು. ಕೆಳಗೆ 1,500 ಚದರ ಅಡಿಯ ಕ್ರಾಲ್ ಸ್ಪೇಸ್ ಇದೆ. ಜೂನ್ ಬಂತೆಂದರೆ ಮನೆಯೆಲ್ಲ ಮುಗ್ಗಲು ವಾಸನೆ. ಮರದ ನೆಲದ ಹಲಗೆಗಳ ಅಂಚು ಮೇಲೆದ್ದಿವೆ. ನೋಡಲು ಬಂದ ಒಬ್ಬರು ಗಾಳಿಕಿಂಡಿಗಳನ್ನು ಸದಾ ತೆರೆದಿಡಿ ಎಂದರು. ಇನ್ನೊಬ್ಬರು ಕಿಂಡಿ ಮುಚ್ಚಿ ಪೂರ್ತಿ ಪ್ಲಾಸ್ಟಿಕ್ ಹೊದಿಸಬೇಕು ಎಂದರು. ಯಾರ ಮಾತು ಕೇಳಬೇಕು?

ಉತ್ತರ: ಮುಚ್ಚಿ ಎಂದವರ ಮಾತು ಸರಿ. ಆದರೆ ಅದು ಕೊನೆಯ ಕೆಲಸ. ಅದಕ್ಕೆ ಮೊದಲು ಆಗಬೇಕಾದದ್ದು ಆಗದಿದ್ದರೆ ಹೊದಿಸಿದ ಪ್ಲಾಸ್ಟಿಕ್ಕಿನ ಕೆಳಗೇ ನೀರು ನಿಂತು ಹಣವೂ ಹೋಗುತ್ತದೆ, ವಾಸನೆಯೂ ಉಳಿಯುತ್ತದೆ.

ಗಾಳಿಯಾಡಿದರೆ ಒಣಗುತ್ತದೆ ಎಂಬುದು ನಾವೆಲ್ಲ ಬಟ್ಟೆ ಒಣಹಾಕಿ ಕಲಿತ ಪಾಠ. ನಿಮ್ಮ ಕಡೆಯ ಬೇಸಿಗೆಯಲ್ಲಿ ಮನೆಯಡಿಗೆ ಅದು ಹೊಂದುವುದಿಲ್ಲ. ಜುಲೈ ಮಧ್ಯಾಹ್ನ ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 32 ಡಿಗ್ರಿ ಸೆಲ್ಸಿಯಸ್ ಇದ್ದು ಗಾಳಿಯ ತೇವಾಂಶ ಶೇ 55 ಇದೆ ಎಂದುಕೊಳ್ಳಿ. ಆ ಗಾಳಿ ಕಿಂಡಿಯಿಂದ ನುಗ್ಗಿ ಕೆಳಗಿನ ತಂಪಿಗೆ 23 ಡಿಗ್ರಿಗೆ ಇಳಿದರೆ, ಒಂದು ಹನಿ ಹೊಸ ನೀರು ಸೇರದೆಯೇ ತೇವಾಂಶ ಶೇ 94 ಮುಟ್ಟುತ್ತದೆ. ಎಸಿ ಕೊಳವೆಯ ಮೈ ಇನ್ನೂ ತಣ್ಣಗಿರುತ್ತದೆ, ಅಲ್ಲಿ ನೀರೇ ಇಳಿಯುತ್ತದೆ. ಟಾರ್ಚ್ ಹಿಡಿದು ಒಳಗೆ ಹೋಗಿ ನೋಡಿ: ನೆಲಹಲಗೆಯಿಂದ ಕೆಳಕ್ಕೆ ಇಣುಕುವ ಮೊಳೆಗಳ ತುದಿ ತುಕ್ಕು ಹಿಡಿದಿರುತ್ತದೆ, ಒಂದೊಂದು ತುದಿಯಲ್ಲೂ ಒಂದೊಂದು ಹನಿ ನಿಂತಿರುತ್ತದೆ. ತೊಲೆಗಳ ನಡುವೆ ತುರುಕಿದ ಗಾಜಿನೆಳೆಯ ಹಾಸು ನೀರು ಕುಡಿದು ಭಾರವಾಗಿ ಜೋತುಬಿದ್ದಿರುತ್ತದೆ. ಕೆಳಗಿನ ಗಾಳಿ ನೆಲದ ಸಂದಿಗಳಿಂದ, ಸೋರುವ ಎಸಿ ಕೊಳವೆಗಳಿಂದ ಮನೆಯೊಳಕ್ಕೆ ನುಸುಳುತ್ತದೆ. ನಿಮ್ಮ ಮೂಗಿಗೆ ಹತ್ತುವ ವಾಸನೆ ಆ ದಾರಿಯಲ್ಲೇ ಬಂದದ್ದು.

ಈಗ ಕೆಲಸದ ಕ್ರಮ. ಮೊದಲು ಮನೆಯ ಹೊರಗೆ ನಡೆಯಿರಿ, ಅದೂ ಜೋರು ಮಳೆ ಬರುವಾಗಲೇ. 1,500 ಚದರ ಅಡಿಯ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 3,500 ಲೀಟರ್ ನೀರು. ಗಟರಿನಲ್ಲಿ ಎಲೆ ಕಟ್ಟಿಕೊಂಡಿದ್ದರೆ, ಕೆಳಗಿಳಿಯುವ ಕೊಳವೆ ಗೋಡೆಯ ಬುಡದಲ್ಲೇ ಬಾಯಿ ಬಿಟ್ಟಿದ್ದರೆ ಅಷ್ಟೂ ನೀರು ನಿಮ್ಮ ಮನೆಯಡಿಗೇ. ಪ್ರತಿ ಕೊಳವೆಗೂ ಉದ್ದನೆಯ ಪೈಪು ಜೋಡಿಸಿ 6ರಿಂದ 10 ಅಡಿ ದೂರ ಬಿಡಿ. ಗೋಡೆಯಿಂದ ಮೊದಲ 10 ಅಡಿಯಲ್ಲಿ ನೆಲ 6 ಇಂಚಾದರೂ ಇಳಿಜಾರಿರಬೇಕು. ಅಲ್ಲಿನ ಕಟ್ಟಡ ನಿಯಮವೂ ಇದನ್ನೇ ಹೇಳುತ್ತದೆ. ಹೂಗಿಡದ ಪಾತಿಗೆ ವರ್ಷ ವರ್ಷ ಮರದ ಚಕ್ಕೆ ಸುರಿದು ಸುರಿದು ಇಳಿಜಾರು ಮನೆಯ ಕಡೆಗೇ ತಿರುಗಿಬಿಟ್ಟಿರುವುದು ತೀರಾ ಸಾಮಾನ್ಯ. ಅದನ್ನು ಕೆರೆದು ತೆಗೆಯಿರಿ. ಬಹಳ ಮನೆಗಳಲ್ಲಿ ಅರ್ಧ ತೊಂದರೆ ಇಷ್ಟಕ್ಕೇ ನಿಲ್ಲುತ್ತದೆ. ಖರ್ಚು ಹೆಚ್ಚಲ್ಲ, ಆದರೂ ಜನ ಬಿಟ್ಟುಬಿಡುವುದು ಇದನ್ನೇ.

ಎರಡನೆಯದು ಒಳಗಿನ ಸೋರಿಕೆ. ಬಟ್ಟೆ ಒಣಗಿಸುವ ಡ್ರೈಯರಿನ ಕೊಳವೆ ಕಳಚಿ ಕ್ರಾಲ್ ಸ್ಪೇಸಿನೊಳಗೇ ಊದುತ್ತಿದೆಯೇ ನೋಡಿ. ಒಂದು ಸಲ ಬಟ್ಟೆ ಒಣಗಿಸಿದರೆ ಒಂದೆರಡು ಲೀಟರ್ ನೀರು ಆವಿಯಾಗಿ ಅಲ್ಲಿಗೆ ಸೇರುತ್ತದೆ. ಎಸಿಯ ತೊಟ್ಟಿಕ್ಕುವ ನೀರಿನ ಪೈಪು ಹೊರಗೆ ಹೋಗಿದೆಯೇ, ಬಚ್ಚಲಿನ ಕೆಳಗಿನ ಹಲಗೆ ಕಪ್ಪಾಗಿದೆಯೇ, ಇವನ್ನೂ ನೋಡಿ. ಗಾಳಿಕೊಳವೆಯ ಕೀಲುಗಳಿಗೆ ಬಟ್ಟೆಯ ಟೇಪ್ ಸಾಲದು, ಬ್ರಷ್ಷಿನಿಂದ ಮ್ಯಾಸ್ಟಿಕ್ ಎಂಬ ದಪ್ಪನೆಯ ಅಂಟು ಬಳಿಯಬೇಕು.

ಮೂರನೆಯದು ಮಣ್ಣಿನಿಂದೇಳುವ ಆವಿ. ಅದಕ್ಕೆ ಪ್ಲಾಸ್ಟಿಕ್ ಹಾಳೆ. ಹಾಸುವ ವಿಧಾನ ಮುಂದಿನ ಪ್ರಶ್ನೆಯಲ್ಲಿದೆ.

ಇಷ್ಟಾದ ಮೇಲೆ ಕಿಂಡಿಗಳು. 2 ಇಂಚು ದಪ್ಪದ ಗಟ್ಟಿ ಫೋಮ್ ಹಲಗೆಯನ್ನು ಅಳತೆಗೆ ಕತ್ತರಿಸಿ ಕೂರಿಸಿ, ಸುತ್ತ ಡಬ್ಬಿಯ ಫೋಮ್ ಸಿಂಪಡಿಸಿ. ಒಳಹೋಗುವ ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸಿ. ಮುಚ್ಚಿದ ಜಾಗದ ಗಾಳಿಯನ್ನು ಒಣಗಿಸಲು ಒಂದು ಏರ್ಪಾಡು ಬೇಕೇಬೇಕು. ಒಂದೋ ಎಸಿಯಿಂದ ಪ್ರತಿ 50 ಚದರ ಅಡಿಗೆ ನಿಮಿಷಕ್ಕೆ 1 ಘನ ಅಡಿಯಂತೆ, ನಿಮ್ಮಲ್ಲಿ 30 ಘನ ಅಡಿ ಗಾಳಿ ಬಿಡಬಹುದು. ಇಲ್ಲವೇ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ. ಅಮೆರಿಕದ ಮಾದರಿ ಕಟ್ಟಡ ನಿಯಮದ ಲೆಕ್ಕ 1,000 ಚದರ ಅಡಿಗೆ ದಿನಕ್ಕೆ 70 ಪಿಂಟ್, ನಿಮಗೆ 105 ಪಿಂಟ್, ಅಂದರೆ 50 ಲೀಟರ್. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸಂಖ್ಯೆಯನ್ನು ನಂಬಬೇಡಿ. ಅದು ಎಷ್ಟೋ ಸಲ 90 ಡಿಗ್ರಿ ಫ್ಯಾರನ್‌ಹೀಟ್, ಶೇ 90 ತೇವಾಂಶದಲ್ಲಿ ಅಳೆದದ್ದು. 80 ಡಿಗ್ರಿ, ಶೇ 60ರಲ್ಲಿ ಅಳೆದ ಸಂಖ್ಯೆಯನ್ನು ಕೇಳಿ ಕೊಳ್ಳಿ. ಕೋಣೆಯಲ್ಲಿಡುವ ಯಂತ್ರವನ್ನೇ ಕೆಳಗಿಟ್ಟರೆ ತಂಪು ಹೆಚ್ಚಾದಾಗ ಸುರುಳಿಯ ಮೇಲೆ ಹಿಮ ಕಟ್ಟಿ ನಿಂತುಹೋಗುತ್ತದೆ. ಶೇ 50ರಿಂದ 55ಕ್ಕೆ ಹೊಂದಿಸಿ, ನೀರನ್ನು ಬಕೆಟ್ಟಿಗಲ್ಲ, ಪೈಪಿನಲ್ಲಿ ಹೊರಗೆ ಬಿಡಿ.

ಕಿಂಡಿ ಮುಚ್ಚುವ ಮುನ್ನ ಮೂರು ವಿಷಯ ಖಚಿತವಾಗಬೇಕು. ಕೆಳಗೆ ಗ್ಯಾಸಿನ ಫರ್ನೇಸ್ ಅಥವಾ ಬಿಸಿನೀರಿನ ಹಂಡೆ ಇದ್ದು ಅದು ಸುತ್ತಲಿನ ಗಾಳಿಯನ್ನೇ ಎಳೆದು ಉರಿಯುವಂಥದ್ದಾದರೆ ಮುಚ್ಚಲೇಬಾರದು. ಹೊಗೆ ಹಿಂದಕ್ಕೆ ತಿರುಗಿ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರುತ್ತದೆ, ಜೀವಕ್ಕೇ ಅಪಾಯ. ಹೊರಗಿನಿಂದ ಗಾಳಿ ಪಡೆಯುವ ಮಾದರಿ ಹಾಕಿಸಿದ ಮೇಲೆಯೇ ಮುಂದುವರಿಯಿರಿ. ನಿಮ್ಮದು ಪ್ರವಾಹ ವಲಯದ ಮನೆಯಾಗಿದ್ದರೆ ನೆರೆನೀರು ಹಾದುಹೋಗಲು ಬಿಟ್ಟ ಕಿಂಡಿಗಳನ್ನು ಮುಚ್ಚುವಂತಿಲ್ಲ. ಆ ನೀರಿಗೆ ದಾರಿ ಇಲ್ಲದಿದ್ದರೆ ಒತ್ತಡಕ್ಕೆ ಗೋಡೆಯೇ ಬೀಳುತ್ತದೆ. ಮೂರನೆಯದು ಮಣ್ಣಿನಿಂದ ಹೊರಬರುವ ವಿಕಿರಣಶೀಲ ರೇಡಾನ್ ಅನಿಲ: ಮುಚ್ಚುವ ಮೊದಲೊಮ್ಮೆ, ಮುಚ್ಚಿದ ಮೇಲೊಮ್ಮೆ ಪರೀಕ್ಷೆ ಮಾಡಿಸಿ. ಲೀಟರಿಗೆ 4 ಪಿಕೋಕ್ಯೂರಿ ಅಥವಾ ಹೆಚ್ಚು ಬಂದರೆ ಹಾಳೆಯಡಿಯಿಂದ ಪೈಪು ಹಾಕಿ ಫ್ಯಾನಿನಿಂದ ಮಾಡಿನಾಚೆ ಹೊರಹಾಕಬೇಕು.

ಮುಚ್ಚಿದ ಕ್ರಾಲ್ ಸ್ಪೇಸ್ ಲಾಭವೇ ಎಂದು ಅನುಮಾನ ಇದ್ದರೆ, ರಾಲಿಯ ಅಡ್ವಾನ್ಸ್ಡ್ ಎನರ್ಜಿ ಸಂಸ್ಥೆ ನಿಮ್ಮ ರಾಜ್ಯದ್ದೇ ಆದ ಪ್ರಿನ್ಸ್‌ವಿಲ್ಲಿನ 12 ಮನೆಗಳನ್ನು ಅಳೆದು ನೋಡಿದೆ. ಕಿಂಡಿ ತೆರೆದ ಮನೆಗಳಿಗಿಂತ ಮುಚ್ಚಿದವುಗಳಲ್ಲಿ ತೇವ ಕಡಿಮೆ ಇತ್ತು, ಬಿಸಿ ಮತ್ತು ತಂಪಿಗೆ ತಗಲುವ ವಿದ್ಯುತ್ ಶೇ 15ಕ್ಕೂ ಹೆಚ್ಚು ಉಳಿಯಿತು.

ಇನ್ನು ಅಂಚೆದ್ದ ಹಲಗೆಗಳು. ಅವುಗಳ ಅಡಿಮೈ ತೇವ ಕುಡಿದು ಹಿಗ್ಗಿದೆ, ಮೇಲ್ಮೈ ಒಣಗಿಯೇ ಇದೆ, ಅದಕ್ಕೇ ಬಟ್ಟಲಿನಂತೆ ಬಾಗಿವೆ. ಅವಸರಪಟ್ಟು ಈಗಲೇ ಉಜ್ಜಿ ಸಮ ಮಾಡಿಸಬೇಡಿ. ಅಡಿಮೈ ಒಣಗಿದ ದಿನ ಅಂಚು ಕೆಳಗಿಳಿದು ನಡುಭಾಗ ಉಬ್ಬಿ ನಿಲ್ಲುತ್ತದೆ, ಆಗ ಹೊಸ ನೆಲವೇ ಗತಿ. ಎರಡು ಮುಳ್ಳಿನ ತೇವಮಾಪಕ ಕೊಂಡು ತಿಂಗಳಿಗೊಮ್ಮೆ ತೊಲೆಗೆ ಚುಚ್ಚಿ ಬರೆದಿಡಿ. ಶೇ 20 ದಾಟಿದ್ದರೆ ಬೂಷ್ಟು ಬೆಳೆಯುತ್ತದೆ, 28ರ ಆಚೆ ಮರ ಕೊಳೆಯಲು ತೊಡಗುತ್ತದೆ. ಶೇ 15ರ ಕೆಳಗೆ ಬಂದು ಒಂದೆರಡು ತಿಂಗಳು ಅಲ್ಲೇ ನಿಂತ ಮೇಲೆ ನೆಲದ ಕೆಲಸ ಮಾಡಿಸಿ. ಎಷ್ಟೋ ಸಲ ಹಲಗೆಗಳು ತಾವಾಗಿಯೇ ಸರಿಹೋಗಿರುತ್ತವೆ.

ಪ್ರಶ್ನೆ: ಷಾರ್ಲಟ್ಟಿನಲ್ಲಿದ್ದೇವೆ. 30ಕ್ಕೆ 40 ಅಡಿಯ ಕ್ರಾಲ್ ಸ್ಪೇಸಿಗೆ ನಾವೇ ಪ್ಲಾಸ್ಟಿಕ್ ಹಾಸಬೇಕೆಂದಿದ್ದೇವೆ. ಎಷ್ಟು ದಪ್ಪದ್ದು, ಎಷ್ಟು ಬೇಕು, ಹೇಗೆ ಹಾಸಬೇಕು?

ಉತ್ತರ: ಇಬ್ಬರು ಸೇರಿದರೆ ಒಂದು ಶನಿವಾರ, ಭಾನುವಾರದ ಕೆಲಸ. 6 ಮಿಲ್, ಅಂದರೆ 0.15 ಮಿಲಿಮೀಟರ್ ದಪ್ಪದ ಹಾಳೆ ಸಾಕು ಎನ್ನುವವರಿದ್ದಾರೆ. ಆವಿ ತಡೆಯಲು ಸಾಕು, ಆದರೆ ಅದರ ಮೇಲೆ ಯಾರಾದರೂ ಮೊಣಕಾಲೂರಿ ತೆವಳಿದರೆ ಹರಿಯುತ್ತದೆ. ಎಸಿ, ಪೈಪಿನ ಕೆಲಸಕ್ಕೆ ಜನ ಬಂದೇ ಬರುತ್ತಾರೆ. ಒಳಗೆ ದಾರದ ಜಾಲವಿರುವ 12 ಮಿಲ್ ಹಾಳೆ ತನ್ನಿ.

12 ಅಡಿ ಅಗಲ, 100 ಅಡಿ ಉದ್ದದ ಎರಡು ಸುರುಳಿ ಬೇಕು. ಪ್ರತಿ ಸುರುಳಿಯಿಂದ 45 ಅಡಿಯ ಎರಡು ಪಟ್ಟಿ ಕತ್ತರಿಸಿ. 40 ಅಡಿ ನೆಲಕ್ಕೆ, ಎರಡೂ ತುದಿಯಲ್ಲಿ ಎರಡೂವರೆ ಅಡಿ ಗೋಡೆಗೆ. ಒಂದರ ಮೇಲೊಂದು ಒಂದು ಅಡಿ ಹೊದ್ದುಕೊಳ್ಳುವಂತೆ ನಾಲ್ಕು ಪಟ್ಟಿ ಹಾಸಿದರೆ ಅಗಲಕ್ಕೂ ಸಾಕಾಗಿ ಮಿಗುತ್ತದೆ. ಮಿಕ್ಕದ್ದನ್ನು ನಡುಗಂಬಗಳಿಗೆ ಸುತ್ತಲು ಇಟ್ಟುಕೊಳ್ಳಿ. ಸೇರುಗೆಗಳೇ 135 ಅಡಿ ಆಗುತ್ತವೆ, ಕಂಬಗಳೂ ಸೇರಿದರೆ 180 ಅಡಿಯ ಟೇಪ್ ಎರಡು ಸುರುಳಿ ಬೇಕು.

ಒಳಗೆ ಬಿದ್ದ ಮರದ ಚೂರು, ಕಾಗದ, ರಟ್ಟು ಒಂದೂ ಉಳಿಯದಂತೆ ಮೊದಲು ಆರಿಸಿ ಹೊರಹಾಕಿ. ಹಾಳೆಯಡಿ ಉಳಿದ ಮರದ ಚೂರು ಗೆದ್ದಲಿಗೆ ಔತಣ. ಚೂಪುಗಲ್ಲು ತೆಗೆದು ಕುಂಟೆಯಿಂದ ನೆಲ ಸಮ ಮಾಡಿ. ದೂರದ ಮೂಲೆಯಿಂದ ಬಾಗಿಲ ಕಡೆಗೆ ಹಾಸುತ್ತ ಬನ್ನಿ. ಟೇಪ್ ಅಂಟಿಸುವ ಜಾಗವನ್ನು ಒಣಬಟ್ಟೆಯಿಂದ ಒರೆಸಿ, ಅಂಟಿಸಿದ ಮೇಲೆ ಕೈಯಿಂದ ಒತ್ತಿ ಉಜ್ಜಿ. ಧೂಳಿನ ಮೇಲೆ ಅಂಟಿಸಿದ ಟೇಪ್ ಮೊದಲ ಚಳಿಗಾಲಕ್ಕೇ ಏಳುತ್ತದೆ. ಕಂಬಗಳ ಸುತ್ತ ಕೊರಳುಪಟ್ಟಿಯಂತೆ 6 ಇಂಚಾದರೂ ಮೇಲಕ್ಕೆ ತಂದು ಬಿಗಿಯಿರಿ. ಗೋಡೆಯನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ಮ್ಯಾಸ್ಟಿಕ್ಕಿನ ದಪ್ಪ ಗೆರೆ ಎಳೆದು ಹಾಳೆಯನ್ನು ಅದುಮಿ, ಮೇಲೊಂದು ಪಟ್ಟಿ ಇಟ್ಟು ಅಡಿಗೊಂದು ಕಾಂಕ್ರೀಟ್ ಮೊಳೆ ಹೊಡೆಯಿರಿ. ಬರೀ ಅಂಟಿನ ಮೇಲೆ ಬಿಟ್ಟರೆ ಹಾಳೆ ತನ್ನ ಭಾರಕ್ಕೇ ಜಾರುತ್ತದೆ.

ಗೋಡೆಯ ತಲೆಯಲ್ಲಿ ಮರ ಆರಂಭವಾಗುವ ಜಾಗದಿಂದ ಕೆಳಗೆ 3 ಇಂಚು ಖಾಲಿ ಬಿಡಿ. ಗೆದ್ದಲು ಮಣ್ಣಿನ ಕೊಳವೆ ಕಟ್ಟಿಕೊಂಡು ಮೇಲೇರುವುದು ಅಲ್ಲಿ ಕಣ್ಣಿಗೆ ಬೀಳುತ್ತದೆ. ಪೂರ್ತಿ ಮುಚ್ಚಿದ ಗೋಡೆಯಲ್ಲಿ ತೊಲೆ ಟೊಳ್ಳಾಗುವವರೆಗೂ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಅಟ್ಲಾಂಟಾದ ನಮ್ಮ ಮನೆಯಡಿ ಮಳೆ ಬಂದ ಮರುದಿನ ನೀರೇ ನಿಂತಿರುತ್ತದೆ. ಒಳಗೋಡೆಗೆ ವಾಟರ್‌ಪ್ರೂಫ್ ಬಣ್ಣ ಬಳಿದರೆ ಸಾಕೇ? ತೊಲೆಗಳ ಮೇಲಿನ ಬೂಷ್ಟಿಗೆ ಬ್ಲೀಚ್ ಹಾಕಬಹುದೇ?

ಉತ್ತರ: ಸಾಲದು. ಹೊರಗಿನ ಮಣ್ಣು ನೀರಿನಿಂದ ತುಂಬಿ ಗೋಡೆಯನ್ನು ಒತ್ತುತ್ತಿರುವಾಗ ಒಳಗಿನ ಬಣ್ಣ ಗುಳ್ಳೆಯೆದ್ದು ಸಿಪ್ಪೆ ಸಿಪ್ಪೆಯಾಗಿ ಬೀಳುತ್ತದೆ. ಗಟರು, ಇಳಿಜಾರು ಸರಿಮಾಡಿದ ಮೇಲೂ ನೀರು ಬಂದರೆ ಒಳಸುತ್ತಿನಲ್ಲಿ ಕಾಲುವೆ ತೋಡಬೇಕು. ತೂತುಗಳಿರುವ 4 ಇಂಚಿನ ಪೈಪನ್ನು ತೂತು ಕೆಳಮುಖವಾಗಿ, 100 ಅಡಿಗೆ 1 ಅಡಿ ಇಳಿಜಾರಿನಲ್ಲಿ ಇಟ್ಟು, ತೊಳೆದ ಮುಕ್ಕಾಲು ಇಂಚಿನ ಜಲ್ಲಿ ತುಂಬಿ, ಸುತ್ತ ಸೋಸುಬಟ್ಟೆ ಹೊದಿಸಿ. ತಳಪಾಯದ ಪಕ್ಕದಲ್ಲೇ ಅದರ ತಳಕ್ಕಿಂತ ಆಳ ಅಗೆಯಬೇಡಿ, ತಳಪಾಯದಡಿಯ ಮಣ್ಣು ಸಡಿಲವಾಗುತ್ತದೆ. ಕಾಲುವೆ ಹೋಗಿ ಸೇರುವ ಮೂಲೆಯಲ್ಲಿ 18 ಇಂಚು ಅಗಲ, 24 ಇಂಚು ಆಳದ ಗುಂಡಿ, ಅದರಲ್ಲಿ 1/3 ಅಶ್ವಶಕ್ತಿಯ ಪಂಪು. ಪಂಪಿನ ಮೇಲೆ ಹಿಂದಿರುಗದಂತೆ ತಡೆಯುವ ಕವಾಟ ಇರಲಿ, ಇಲ್ಲದಿದ್ದರೆ ಎತ್ತಿದ ನೀರೇ ಮರಳಿ ಗುಂಡಿಗೆ ಬಿದ್ದು ಪಂಪು ಸುಮ್ಮನೆ ಓಡುತ್ತಿರುತ್ತದೆ. ದೊಡ್ಡ ಬಿರುಗಾಳಿ ಬಂದ ದಿನವೇ ಕರೆಂಟ್ ಹೋಗುವುದರಿಂದ ಬ್ಯಾಟರಿಯ ಪಂಪೊಂದು ಜೊತೆಗಿರಬೇಕು. ಎರಡು ಮೂರು ತಿಂಗಳಿಗೊಮ್ಮೆ ಒಂದು ಬಕೆಟ್ ನೀರು ಸುರಿದು ತೇಲುಬುರುಡೆ ಏಳುತ್ತದೆಯೇ ನೋಡಿ.

ಬ್ಲೀಚ್ ಬೇಡ. ಅದರಲ್ಲಿ ಹೆಚ್ಚಿನದು ನೀರೇ, ಒದ್ದೆ ಮರವನ್ನು ಇನ್ನಷ್ಟು ಒದ್ದೆ ಮಾಡುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಅದನ್ನು ವಾಡಿಕೆಯಾಗಿ ಬಳಸಬೇಡಿ ಎನ್ನುತ್ತದೆ. ಎನ್ 95 ಮಾಸ್ಕ್, ಕನ್ನಡಕ ಹಾಕಿಕೊಂಡು ಸೋಪಿನ ನೀರಿನಲ್ಲಿ ತಿಕ್ಕಿ ಒರೆಸಿ ಒಣಗಿಸಿ. ಮರ ಒಣಗಿಯೇ ಇದ್ದರೆ ಬೂಷ್ಟು ಮತ್ತೆ ಹುಟ್ಟುವುದಿಲ್ಲ.

ಪ್ರಶ್ನೆ: ತೀರ್ಥಹಳ್ಳಿ ಕಡೆಯವರು. ಗುಡ್ಡ ಕಡಿದು ಮನೆ ಕಟ್ಟಿದ್ದೇವೆ. ಹಿಂಬದಿಯ ದರೆಗೂ (ಕಡಿದ ಗುಡ್ಡದ ಕಡಿದಾದ ಮೈಗೂ) ಗೋಡೆಗೂ ಆರಡಿ ಅಂತರ. ಆಷಾಢ, ಶ್ರಾವಣದಲ್ಲಿ ಹಿಂದಿನ ಕೋಣೆಯ ನೆಲದಲ್ಲಿ ಒರತೆ. ನೆಲ ಒಡೆದು ಕೆಮಿಕಲ್ ಹಾಕಿಸಬೇಕೇ?

ಉತ್ತರ: ಈಗಲೇ ನೆಲ ಒಡೆಯಬೇಡಿ. ಗುಡ್ಡದ ಒಡಲಲ್ಲಿ ಇಳಿದ ನೀರು ದರೆಯ ಬುಡದಲ್ಲಿ ಹೊರಬಂದು ನಿಮ್ಮ ಮನೆಯ ಅಡಿಪಾಯದ ಕೆಳಗೆ ಹಾದುಹೋಗುತ್ತಿದೆ. ಅದನ್ನು ಮನೆಗೆ ಮುಟ್ಟುವ ಮೊದಲೇ ಹಿಡಿದು ಬದಿಗೆ ತಿರುಗಿಸಬೇಕು.

ದರೆಯ ತಲೆಯ ಮೇಲೆ ಅಂಚಿನಿಂದ ಆರೇಳು ಅಡಿ ಹಿಂದೆ ಒಂದು ಅಡ್ಡ ಕಣಿ ತೆಗೆದು ಮೇಲಿನ ಹರಿನೀರನ್ನು ಪಕ್ಕದ ಹಳ್ಳದ ಕಡೆ ಬಿಡಿ. ಈ ಕಣಿಯಲ್ಲಿ ನೀರು ನಿಲ್ಲಬಾರದು. ನಿಂತರೆ ಅಲ್ಲೇ ಇಂಗಿ ದರೆ ಕುಸಿಯಲು ಅದೇ ಕಾರಣವಾಗುತ್ತದೆ. ಕೆಳಗೆ, ಗೋಡೆಯಿಂದ ಮೂರಡಿ ಬಿಟ್ಟು ದರೆಯ ಬುಡದುದ್ದಕ್ಕೂ ಒಂದೂವರೆ ಅಡಿ ಅಗಲದ ಮುಚ್ಚುಕಾಲುವೆ ಮಾಡಿಸಿ. ಅದರ ತಳ ನಿಮ್ಮ ಒಳನೆಲದ ಮಟ್ಟಕ್ಕಿಂತ ಎರಡಡಿ ಕೆಳಗಿರಲಿ, ಆದರೆ ತಳಪಾಯದ ತಳಕ್ಕಿಂತ ಕೆಳಗೆ ಹೋಗದಿರಲಿ. ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತು ಕೊರೆದ 4 ಇಂಚಿನ ಪಿವಿಸಿ ಪೈಪಿಟ್ಟು, 20 ಮಿಲಿಮೀಟರ್ ಜಲ್ಲಿ ತುಂಬಿ, ಬಟ್ಟೆಯನ್ನು ಮೇಲಿನಿಂದ ಮಡಚಿ ಮುಚ್ಚಿ. ಬಟ್ಟೆ ಇಲ್ಲದೆ ಮಾಡಿದರೆ ನಿಮ್ಮ ಕಡೆಯ ಕೆಂಪುಮಣ್ಣಿನ ನುಣುಪು ಒಂದೆರಡು ಮಳೆಗಾಲಕ್ಕೇ ಜಲ್ಲಿಯನ್ನು ಕಟ್ಟಿಬಿಡುತ್ತದೆ. 50 ಅಡಿ ಉದ್ದಕ್ಕೆ 6 ಇಂಚು ಇಳಿಜಾರು ಬೇಕು. ಜಲ್ಲಿ ಎರಡಡಿ ದಪ್ಪವಿದ್ದರೆ 150 ಘನ ಅಡಿ ಹಿಡಿಯುತ್ತದೆ. ಮೂಲೆಗಳಲ್ಲಿ ಪೈಪನ್ನು ಮೇಲಕ್ಕೆ ತಂದು ಮುಚ್ಚಳ ಹಾಕಿಡಿ, ಮುಂದೆ ನೀರು ಬಿಟ್ಟು ತೊಳೆಯಲು ಬೇಕಾಗುತ್ತದೆ. ಹೊರಬಾಯಿಗೆ ಜಾಲರಿ ಕಟ್ಟದಿದ್ದರೆ ಏಡಿ, ಕಪ್ಪೆಗಳು ಸೇರಿ ಮುಚ್ಚಿಹೋಗುತ್ತದೆ.

ಈ ಕೆಲಸ ಫೆಬ್ರುವರಿಯಿಂದ ಏಪ್ರಿಲಿನೊಳಗೆ ಮುಗಿಯಬೇಕು. ಮಳೆಗಾಲದಲ್ಲಿ ದರೆಯ ಬುಡಕ್ಕೆ ಗುದ್ದಲಿ ಹಾಕುವುದು ಪ್ರಾಣಕ್ಕೆ ಸಂಚಕಾರ. ದರೆ ಹತ್ತಡಿಗಿಂತ ಎತ್ತರವಿದ್ದರೆ ಒಬ್ಬ ಎಂಜಿನಿಯರನ್ನು ಕರೆಸಿ ತೋರಿಸಿಯೇ ಅಗೆಯಿರಿ. ಒಂದು ಮಳೆಗಾಲ ನೋಡಿ. ಆಮೇಲೂ ತೇವ ಉಳಿದರೆ ಮಾತ್ರ ನೆಲ ಬಿಚ್ಚಿ, 6 ಇಂಚು ಬೋಳುಗಲ್ಲಿನ ಹಾಸು, ಅದರ ಮೇಲೆ 250 ಮೈಕ್ರಾನ್ ಪಾಲಿಥೀನ್ ಹಾಳೆ, ಅದರ ಮೇಲೆ 4 ಇಂಚು ಕಾಂಕ್ರೀಟ್ ಹಾಕಿಸಿ.

ಪ್ರಶ್ನೆ: ಮೈಸೂರಿನ 1970ರ ದಶಕದ ಮನೆ, ಸಿಮೆಂಟ್ ಗಾರೆಯ ಇಟ್ಟಿಗೆ ಗೋಡೆ. ನೆಲದಿಂದ ಮೂರಡಿವರೆಗೆ ಉಪ್ಪು ಹತ್ತಿ ಬಣ್ಣ ಉದುರುತ್ತದೆ. ಪೇಂಟರ್ ಟೈಲ್ಸ್ ಅಂಟಿಸಿಬಿಡಿ ಎನ್ನುತ್ತಾರೆ.

ಉತ್ತರ: ಟೈಲ್ಸ್ ಅಂಟಿಸಿದರೆ ಉಪ್ಪು ಮೂರಡಿಯಿಂದ ಐದಡಿಗೆ ಹೋಗುತ್ತದೆ. ಗೋಡೆ ಹೀರಿದ ನೀರು ಎಲ್ಲಾದರೂ ಆವಿಯಾಗಲೇಬೇಕು. ಕೆಳಗಿನ ದಾರಿ ಮುಚ್ಚಿದರೆ ಮೇಲಕ್ಕೇರುತ್ತದೆ. ಬರೀ ಸಿಮೆಂಟ್ ಪ್ಲಾಸ್ಟರ್ ಬಳಿದರೂ ಇದೇ ಗತಿ.

ಮೊದಲು ಹೊರಗೆ ನೋಡಿ. ರಸ್ತೆ, ಅಂಗಳ ಎತ್ತರವಾಗುತ್ತ ಬಂದು ಒಳನೆಲದ ಸಮಕ್ಕೆ ನಿಂತಿದೆಯೇ? ಗೋಡೆಯ ಬುಡದ ಮಣ್ಣು ಒಳನೆಲಕ್ಕಿಂತ ಕನಿಷ್ಠ 6 ಇಂಚು ಕೆಳಗಿರಬೇಕು. ಗೋಡೆಗೆ ತಾಗಿಸಿಟ್ಟ ತುಳಸಿಕಟ್ಟೆ, ಹೂಕುಂಡ, ನಲ್ಲಿ ಇದ್ದರೆ ದೂರ ಮಾಡಿ. ಪಕ್ಕದಲ್ಲಿ ಸಂಪು ಇದ್ದರೆ ಅದನ್ನು ತುಂಬಿಸಿ, ಬರುವ ಹೋಗುವ ನೀರು ಎರಡನ್ನೂ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗುರುತು ಮಾಡಿ 24 ಗಂಟೆ ಬಿಡಿ. ಮಟ್ಟ ಇಳಿದಿದ್ದರೆ ಗೋಡೆಯ ಬದಲು ಸಂಪಿಗೆ ಮದ್ದು ಮಾಡಬೇಕು.

ಹೊರಗೆಲ್ಲ ಸರಿಯಿದ್ದೂ ತೇವ ಏರುತ್ತಿದ್ದರೆ ಗೋಡೆಯಲ್ಲಿ ಡಿಪಿಸಿ, ಅಂದರೆ ನೆಲದ ತೇವ ಮೇಲೇರದಂತೆ ಗೋಡೆಯ ಬುಡದಲ್ಲಿ ಹಾಕುವ ತಡೆಪದರ, ಇಲ್ಲ, ಇಲ್ಲವೇ ಕೆಟ್ಟಿದೆ. ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಹಳೆ ಪ್ಲಾಸ್ಟರ್ ಕೆತ್ತಿ ತೆಗೆಸಿ, ಆ ಪುಡಿಯನ್ನು ಅಂಗಳದಲ್ಲಿ ಬಿಡದೆ ಹೊರಸಾಗಿಸಿ, ಅದರ ತುಂಬ ಉಪ್ಪೇ ಇರುತ್ತದೆ. ಒಳನೆಲದಿಂದ ಸ್ವಲ್ಪ ಮೇಲಿನ ಒಂದೇ ಗಾರೆಸಾಲಿನಲ್ಲಿ 12 ಮಿಲಿಮೀಟರಿನ ತೂತುಗಳನ್ನು 4ರಿಂದ 5 ಇಂಚಿಗೊಂದರಂತೆ ಕೊರೆಯಬೇಕು. 9 ಇಂಚಿನ ಗೋಡೆಯಾದರೆ ಏಳೂವರೆ ಇಂಚು ಆಳ. ಅದಕ್ಕೆ ನೀರು ಹೀರದಂತೆ ತಡೆಯುವ ಸಿಲೇನ್ ಕ್ರೀಮನ್ನು ತುದಿಯಿಂದ ಹಿಂದಕ್ಕೆ ತುಂಬುತ್ತ ಬರಬೇಕು. ಇಟ್ಟಿಗೆಯಲ್ಲಿ ಕೊರೆದರೆ ಕೆಲಸ ಕೆಟ್ಟಂತೆ, ನೀರು ಏರುವ ದಾರಿ ಗಾರೆಯೇ. ಮಣ್ಣಿನ ಗಾರೆಯ ಗೋಡೆಗೆ ಈ ವಿಧಾನ ಹೊಂದುವುದಿಲ್ಲ, ಮಣ್ಣು ಉದುರಿ ತೂತು ಮುಚ್ಚಿಕೊಳ್ಳುತ್ತದೆ.

ಆಮೇಲೆ ಕಾಯಬೇಕು. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಹಳೆಯ ಲೆಕ್ಕ, ನಿಮ್ಮ ಗೋಡೆಗೆ ಒಂಬತ್ತು ತಿಂಗಳು. ಹಬ್ಬ ಬಂತೆಂದು ನಡುವೆ ಪ್ಲಾಸ್ಟರ್ ಮಾಡಿಸಿದರೆ ಉಳಿದ ಉಪ್ಪು ಅದರೊಳಗೇ ಬರುತ್ತದೆ. ಒಣಗಿದ ಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ, ಅದರ ಮೇಲೆ ಸುಣ್ಣದ ಬಣ್ಣ. ಪ್ಲಾಸ್ಟಿಕ್ ಎಮಲ್ಷನ್ ಬೇಡ, ಗೋಡೆ ಉಸಿರಾಡಲಿ.

ಪ್ರಶ್ನೆ: ಉಡುಪಿಯ ಹೊಸ ಮನೆ. ಮಳೆ ಶುರುವಾಗುವ ದಿನಗಳಲ್ಲಿ ಟೈಲ್ಸ್ ನೆಲ ಒದ್ದೆಯಾಗುತ್ತದೆ. ಕೆಳಗಿನಿಂದ ನೀರೇ?

ಉತ್ತರ: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿದ ನೆಲಕ್ಕೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಮೇಲೆ ನೀರಿದ್ದು ಕೆಳಗೆ ಒಣಗಿದ್ದರೆ ನೆಲ ಬೆವರುತ್ತಿದೆ, ಅಷ್ಟೇ. ಆ ಹೊತ್ತು ಕಿಟಕಿ ಮುಚ್ಚಿ ಫ್ಯಾನ್ ಹಾಕಿ. ಹಾಳೆಯ ಕೆಳಗೆ ಒದ್ದೆಯಿದ್ದರೆ ಮಾತ್ರ ನೆಲದಡಿಯ ನೀರು.

ಪ್ರಶ್ನೆ: ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪ್ಲಿಂತ್ ಬೀಮ್ (ತಳಪಾಯದ ಮೇಲೆ ಗೋಡೆಯಡಿ ಹಾಕುವ ಕಾಂಕ್ರೀಟ್ ತೊಲೆ) ಇರುವಾಗ ಡಿಪಿಸಿ ದಂಡ ಎನ್ನುತ್ತಾರೆ ಮೇಸ್ತ್ರಿ. ನಿಜವೇ?

ಉತ್ತರ: ನಿಜವಲ್ಲ. ಬೀಮಿನ ಕಾಂಕ್ರೀಟ್ ನೀರನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಬೀಮಿನ ತಲೆ ಮತ್ತು ಎರಡೂ ಮಗ್ಗುಲಿಗೆ ಪುಡಿ ಮತ್ತು ದ್ರವ ಎರಡನ್ನೂ ಬೆರೆಸಿ ಮಾಡುವ ಸಿಮೆಂಟ್ ಆಧಾರಿತ ವಾಟರ್‌ಪ್ರೂಫ್ ಲೇಪವನ್ನು ಎರಡು ಕೈ ಬಳಿಸಿ, ಅದರ ಮೇಲೆ ಗಾರೆ ಚೆನ್ನಾಗಿ ಹಿಡಿಯುತ್ತದೆ. ಬೀಮ್ ಇಲ್ಲದ ಒಳಗೋಡೆಗಳಿಗೆ 2 ಇಂಚಿನ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ಡಿಪಿಸಿ ಹಾಕಿಸಿ. ಸೇರಿಕೆಯಲ್ಲಿ ಒಂದು ಅಡಿ ಬಿಟ್ಟರೂ ಅಲ್ಲಿಂದಲೇ ತೇವ ಏರುತ್ತದೆ. 200 ಅಡಿ ಉದ್ದದ 9 ಇಂಚಿನ ಗೋಡೆಗೆ ನಾಲ್ಕೂವರೆ ಚೀಲ ಸಿಮೆಂಟ್ ಬೇಕು, ಚೀಲಕ್ಕೆ 200 ಮಿಲಿಲೀಟರಿನಂತೆ ವಾಟರ್‌ಪ್ರೂಫ್ ದ್ರವ ಒಂದು ಲೀಟರ್ ಸಾಕು. ಏಳು ದಿನ ನೀರುಣಿಸಿ, ಒಣಗಿದ ಮೇಲೆ ಚದರ ಮೀಟರಿಗೆ 1.7 ಕಿಲೋದಂತೆ ಬಿಸಿ ಡಾಂಬರು.

ಒಳಗೆ ತುಂಬುವ ಮಣ್ಣನ್ನು 6ರಿಂದ 9 ಇಂಚಿನ ಪದರಗಳಲ್ಲಿ ನೀರು ಹಾಕಿ ದಮ್ಮಸು ಮಾಡಿಸಿ. ಗೆದ್ದಲಿನ ಔಷಧಿಯನ್ನು ಅದಕ್ಕೆಂದೇ ಇರುವ ಭಾರತೀಯ ಮಾನಕ ಐಎಸ್ 6313ರಂತೆ ಆ ಹಂತದಲ್ಲೇ ಹೊಡೆಸಿ. ನೆಲದ ಕಾಂಕ್ರೀಟಿನಡಿ 250 ಮೈಕ್ರಾನ್ ಹಾಳೆ ಹಾಸಿ ಅದರ ಅಂಚನ್ನು ಡಿಪಿಸಿಯವರೆಗೆ ಮೇಲೆತ್ತಿ. ಎಲ್ಲ ಮುಗಿದ ಮೇಲೆ ಹೊರಗೋಡೆಯ ಪ್ಲಾಸ್ಟರನ್ನು ಡಿಪಿಸಿ ದಾಟಿಸಿ ಮಣ್ಣಿನವರೆಗೆ ಇಳಿಸುವ ಅಭ್ಯಾಸ ಗಾರೆಯವರಿಗಿದೆ. ಪ್ಲಾಸ್ಟರ್ ಮಾಡುವ ದಿನ ನೀವೇ ನಿಂತು ಡಿಪಿಸಿಯ ಮಟ್ಟಕ್ಕೆ ಒಂದು ಗೆರೆ ಕೊರೆಸಿ, ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ಮಣ್ಣಿನ ನೀರು ಆ ಪ್ಲಾಸ್ಟರನ್ನೇ ಏಣಿ ಮಾಡಿಕೊಂಡು ಡಿಪಿಸಿಯ ಮೇಲಿನ ಇಟ್ಟಿಗೆಗೆ ಸೇರುತ್ತದೆ.